ಮುಟ್ಟಬಾರದ ಸಾಮಾನು

ಚನ್ನಕ್ಕನ ಸೊಂಟದ ಮೇಲೆ ಬಿಸಿನೀರು ಬಿದ್ದಿರಲಿಲ್ಲ. ಆದರೆ ಬಿಸಿನೀರೇ ಬಿದ್ದಿದೆ ಅಂತ ಓದಿದವರು ಮೂವರು ಹೇಳಿದರು. ಕಂಪನಿಯ ಡಾಕ್ಟರು ಹೇಳಿದರು. ಸೇಫ್ಟಿ ಆಫೀಸರ್ ಸುಬ್ರಹ್ಮಣ್ಯ ಹೇಳಿದರು. ಮ್ಯಾನೇಜರ್ ಯಶವಂತ್ ಗಾಯ ನೋಡದೆಯೇ ಹೇಳಿದರು. ಇಷ್ಟು ದೊಡ್ಡವರು ಹೇಳಿದ ಮೇಲೆ ಬಿದ್ದಿರಲೂಬಹುದು ಅಂತ ಚನ್ನಕ್ಕನಿಗೇ ಒಂದು ಗಳಿಗೆ ಅನುಮಾನ ಬಂತು.

ಅವಳ ಕೆಲಸ ಕಸ ಗುಡಿಸುವುದು. ಚಿಕ್ಕಜಾಲದ ಹತ್ತಿರ, ಏರ್‌ಪೋರ್ಟ್ ರಸ್ತೆಯಿಂದ ಒಳಕ್ಕೆ, ಕಬ್ಬಿಣದ ಪೈಪು ಬೆಸೆಯುವ ಯಾರ್ಡು. ಜಾಗ ಮುನಿಕೃಷ್ಣಪ್ಪನದು. ಮೊದಲು ಅಲ್ಲಿ ಅವನ ದ್ರಾಕ್ಷಿ ತೋಟ ಇತ್ತು. ಚನ್ನಕ್ಕನ ಅವ್ವ ಆ ತೋಟದಲ್ಲಿ ಕೂಲಿ. ತೋಟ ಹೋಗಿ ಯಾರ್ಡು ಬಂತು. ಮುನಿಕೃಷ್ಣಪ್ಪ ಲೇಬರ್ ಕಂಟ್ರಾಕ್ಟರ್ ಆದ. ಚನ್ನಕ್ಕನೂ ಮೇಲೆ ಬಂದಳು. ಅವ್ವನನ್ನು ಕೂಲಿ ಅನ್ನುತ್ತಿದ್ದರು, ಇವಳನ್ನು ಹೌಸ್‌ಕೀಪಿಂಗ್ ಅನ್ನುತ್ತಾರೆ.

ಟೀ ಹೊತ್ತಿಗೆ ವೆಲ್ಡರುಗಳಿಗೆ ಸ್ಟೀಲ್ ಲೋಟ. ಕಾಲೋನಿಯಿಂದ ಬರುವ ಹೆಂಗಸರಿಗೆ ಪೇಪರ್ ಕಪ್ಪು. ಯಾಕೆ ಅಂದರೆ ಹೈಜೀನ್ ಅಂದರು. ಮುನಿಕೃಷ್ಣಪ್ಪನ ಅಪ್ಪ ತೆಂಗಿನ ಚಿಪ್ಪಿಗೆ ಮೇಲಿಂದ ಸುರಿಯುತ್ತಿದ್ದ. ಮಗ ಕಾಲಕ್ಕೆ ತಕ್ಕ ಹಾಗೆ ಸುಧಾರಿಸಿದ್ದ.

ಆ ಹೆಂಗಸರಿಗೆ ಅಲ್ಲಿ ಕಕ್ಕಸು ಇರಲಿಲ್ಲ. ಮೂಲೆಯಲ್ಲಿ ತೋಟದ ಕಾಲದ ಒಂದು ಪಂಪ್‌ಹೌಸು ಪಾಳು ಬಿದ್ದಿತ್ತು. ಅದರ ಹಿಂದಕ್ಕೆ ಹೋಗುತ್ತಿದ್ದರು. ಅದರ ಗೋಡೆಗೇ ಚನ್ನಕ್ಕ ಪೊರಕೆ ಒರಗಿಸಿ ಇಡುತ್ತಿದ್ದಳು.

ಬೆಸುಗೆ ಗಟ್ಟಿಯಾಗಿದೆಯೋ ಇಲ್ಲವೋ ನೋಡಲು ರಾತ್ರಿ ಪೈಪುಗಳಿಗೆ ಫೋಟೋ ಹಿಡಿಯುತ್ತಿದ್ದರು. ಭಾರದ ಒಂದು ಡಬ್ಬಿ, ಅದರೊಳಗೆ ತಂತಿಯ ತುದಿಗೆ ಸಿಕ್ಕಿಸಿದ ಬೆರಳುದ್ದದ ಬಾಲ, ಬಾಲದ ಕೊನೆಗೆ ಒಂದು ಲೋಹದ ಕಾಳು. ಇರಿಡಿಯಂ ಅಂತ ಅದರ ಹೆಸರು. ಅದರಿಂದ ಹೊರಡುವ ಕಿರಣ ಕಬ್ಬಿಣವನ್ನೂ ತೂರಿಕೊಂಡು ಆಚೆ ಹೋಗುತ್ತದೆ. ಈ ಕೆಲಸ ರಿಯಾಜ್ ಅನ್ನುವವನದು. ಅವನ ಎದೆಯ ಮೇಲೆ ಒಂದು ಬ್ಯಾಡ್ಜು. ಮೈಗೆ ಎಷ್ಟು ಕಿರಣ ಬಿತ್ತು ಅಂತ ಅದು ಲೆಕ್ಕ ಹೇಳುತ್ತದೆ. ಇಷ್ಟಕ್ಕಿಂತ ಹೆಚ್ಚು ಬಿದ್ದರೆ ಕೆಲಸ ಕೊಡಬಾರದು ಅಂತ ಕಾನೂನು. ಗುಡಿಸುವವರಿಗೆ ಬ್ಯಾಡ್ಜಿಲ್ಲ. ಅವರ ಮೇಲೆ ಏನೂ ಬೀಳುವುದಿಲ್ಲ ಅಂತ ಕಂಪನಿ ತೀರ್ಮಾನ ಮಾಡಿತ್ತು. ಕಿರಣಗಳನ್ನು ಕೇಳಿಯೇ ಮಾಡಿದ್ದಿರಬೇಕು.

ಎಚ್ಚರಿಕೆಯ ಬೋರ್ಡೂ ಇತ್ತು. ಹಳದಿ ಬಣ್ಣ, ಮೂರು ರೆಕ್ಕೆಯ ಚಿತ್ರ, ಕೆಳಗೆ ಇಂಗ್ಲಿಷು, ಹಿಂದಿ. ಚನ್ನಕ್ಕ ಅದನ್ನು ಫ್ಯಾನಿನ ಬೋರ್ಡು ಅಂದುಕೊಂಡಿದ್ದಳು. ಧೂಳು ಕೂತಾಗ ಒರೆಸಿ ಪಳಪಳ ಮಾಡುತ್ತಿದ್ದಳು.

ಜನವರಿಯ ಒಂದು ಬೆಳಗ್ಗೆ ಪೈಪಿನ ಕೆಳಗೆ ಪೊರಕೆ ಹಾಕಿದಾಗ ಕಿಣ್ ಅಂದಿತು. ಬೆರಳುದ್ದದ ಸ್ಟೀಲ್ ತುಂಡು. ಬಾಲದ ಹಾಗೆ ಬಳುಕುತ್ತಿತ್ತು. ಎತ್ತಿಕೊಂಡಳು. ಇದು ಕಸವಲ್ಲ, ಯಾವುದೋ ಮಿಷಿನ್ನಿನದು ಅಂತ ಅವಳಿಗೆ ಗೊತ್ತಾಯಿತು. ಸ್ಟೋರಿನವನು ಇನ್ನೂ ಬಂದಿರಲಿಲ್ಲ. ಎಲೆಅಡಿಕೆ ಸಂಚಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗುಡಿಸಿದಳು. ಬಗ್ಗಿದಳು. ಬುಟ್ಟಿ ಹೊತ್ತಳು. ಟೀ ಹೊತ್ತಾದರೂ ಸ್ಟೋರಿನವನು ಬರಲಿಲ್ಲ. ಸಂಚಿಯಿಂದ ತೆಗೆದು ಪಂಪ್‌ಹೌಸಿನ ಗೋಡೆಯ ಬಿರುಕಿನಲ್ಲಿ ಭದ್ರವಾಗಿ ಇಟ್ಟಳು. ಆಮೇಲೆ ಕೊಟ್ಟರಾಯಿತು ಅಂತ.

ಮಧ್ಯಾಹ್ನ ವಾಂತಿ ಶುರುವಾಯಿತು. ಕರುಳೇ ಆಚೆಗೆ ಬರುವ ಹಾಗೆ. ಮುನಿಕೃಷ್ಣಪ್ಪ ದೂರದಲ್ಲೇ ನಿಂತು, "ಏ ಚನ್ನಿ, ಏನ್ ತಿಂದ್ಯೇ? ಮನೆಗ್ ಓಗು. ಅರ್ಧ ದಿನ ಕಟ್" ಅಂದ. ಅವಳು ಹೋದಳು. ನಾಲ್ಕು ದಿನ ಮಲಗಿದಳು. ಗಂಡ ಭೀಮರಾಜ್ ಗಂಜಿ ಕಾಸಿ ಕುಡಿಸಿದ. ಸೊಂಟದ ಮೇಲೆ ಅಂಗೈಯಗಲ ಕೆಂಪಗಾಗಿತ್ತು. ಅದು ಹಾಗೇ ಇಳಿಯಿತು. ಉಷ್ಣ ಅಂದುಕೊಂಡರು.

ಅತ್ತ ಕಂಪನಿಯಲ್ಲಿ ಗಡಿಬಿಡಿ. ರಾತ್ರಿ ಕೆಲಸ ಮುಗಿದ ಮೇಲೆ ಕಾಳು ಡಬ್ಬಿಯೊಳಗೆ ವಾಪಸ್ ಬಂದಿದೆಯೇ ಅಂತ ಮೀಟರ್ ಹಿಡಿದು ನೋಡಬೇಕು. ಮೀಟರ್ ರಿಪೇರಿಗೆ ಹೋಗಿತ್ತು. ರಿಯಾಜ್ ಹೇಳಿದ್ದ, ಮೀಟರ್ ಇಲ್ಲದೆ ಆಗಲ್ಲ ಸಾರ್ ಅಂತ. ಮಾಡ್ತೀಯೋ ಮನೆಗೆ ಹೋಗ್ತೀಯೋ ಅಂದಿದ್ದರು. ತಂತಿಯಿಂದ ಕಾಳು ಕಳಚಿ ಬಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಖಾಲಿ ಡಬ್ಬಿಯನ್ನು ಜೋಪಾನವಾಗಿ ಬೀಗ ಹಾಕಿ, ಯಶವಂತಪುರದ ಸೈಟಿಗೆ ಕಳಿಸಿದರು. ಅಲ್ಲಿ ಫಿಲ್ಮೆಲ್ಲ ಖಾಲಿ ಬಂದಾಗ ಕಾಳು ಇಲ್ಲ ಅಂತ ತಿಳಿಯಿತು.

ಇಂಥದ್ದು ಕಳೆದರೆ ಆ ಕ್ಷಣವೇ ಸರ್ಕಾರಕ್ಕೆ ತಿಳಿಸಬೇಕು. ತಿಳಿಸಿದರೆ ಲೈಸೆನ್ಸ್ ಹೋಗುತ್ತದೆ. ಹಾಗಾಗಿ ತಿಳಿಸಲಿಲ್ಲ. ಯಶವಂತಪುರದಲ್ಲಿ ಹುಡುಕಿದರು. ದಾರಿಯಲ್ಲಿ ಹುಡುಕಿದರು. ಯಾರ್ಡಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಯಶವಂತ್ ಮಾತಾಡಿದರು. "ಲಕ್ಷಾಂತರ ಬೆಲೆಯ ಸ್ಪೇರ್ ಪಾರ್ಟ್ ಕಾಣ್ತಿಲ್ಲ. ಕದ್ದವರು ವಾಪಸ್ ಇಟ್ಬಿಡಿ. ಇಲ್ಲಾಂದ್ರೆ ಪೊಲೀಸ್." ಹೇಳುವಾಗ ಅವರ ಕಣ್ಣು ಕಾಲೋನಿಯವರ ಮೇಲೆಯೇ ಇತ್ತು.

ಮುಟ್ಟಬೇಡಿ, ಅದು ಸುಡುತ್ತದೆ ಅಂತ ಒಂದು ಮಾತು ಹೇಳಿದ್ದರೆ ಚನ್ನಕ್ಕ ಎದ್ದು ಬಂದು ಜಾಗ ತೋರಿಸುತ್ತಿದ್ದಳು. ಐದನೇ ದಿನ ಕೆಲಸಕ್ಕೆ ಬಂದವಳ ಕಿವಿಗೆ ಬಿದ್ದದ್ದು ಎರಡೇ ಪದ. ಲಕ್ಷ, ಪೊಲೀಸ್. ಹಿಂದೊಮ್ಮೆ ವೆಲ್ಡಿಂಗ್ ಕೇಬಲ್ ಕಳೆದಾಗ ಕಾಲೋನಿಯ ಉಮೇಶನ ಕೈ ಮುರಿದಿದ್ದರು. ಕೇಬಲ್ ಆಮೇಲೆ ಲಾರಿಯಲ್ಲೇ ಸಿಕ್ಕಿತು. ಕೈ ಸೊಟ್ಟಗೇ ಕೂಡಿಕೊಂಡಿತು. ಎತ್ತಿಟ್ಟವಳು ನಾನೇ ಅಂದರೆ ಕದ್ದವಳೂ ನೀನೇ ಅನ್ನುತ್ತಾರೆ. ಚನ್ನಕ್ಕ ಬಾಯಿ ಮುಚ್ಚಿಕೊಂಡಳು. ಆ ಬಿರುಕಿನ ಕಡೆ ಕೈ ಹಾಕಲೂ ಹೆದರಿಕೆ.

ಎರಡು ವಾರಕ್ಕೆ ಸೊಂಟದ ಮೇಲೆ ಬೊಬ್ಬೆ ಎದ್ದಿತು. ಒಡೆಯಿತು. ಬಲಗೈಯ ಎರಡು ಬೆರಳ ತುದಿ ಕಪ್ಪಗಾಯಿತು. ಸೀರೆಯ ನೆರಿಗೆ ತಾಗಿದರೆ ಜೀವ ಹೋಗುತ್ತಿತ್ತು. ಮಲಗಲಾಗದೆ ಗೋಡೆಗೆ ಆತುಕೊಂಡು ಕೂತೇ ಇರುತ್ತಿದ್ದಳು. ಗಾಯ ದಿನದಿನಕ್ಕೂ ಆಳಕ್ಕೆ ಇಳಿಯಿತು. ಮಾಯುವ ಗಾಯಕ್ಕೆ ಅಂಚಿನಲ್ಲಿ ಎಳೇ ಕೆಂಪು ಬರುತ್ತದೆ. ಇದಕ್ಕೆ ಬರಲಿಲ್ಲ. ಕಂಪನಿಯ ಡಾಕ್ಟರು ಮುಲಾಮು ಬರೆದುಕೊಟ್ಟು, "ಬಿಸಿನೀರು ಹುಷಾರಮ್ಮ" ಅಂದರು.

ಭೀಮರಾಜ್ ಅವಳನ್ನು ಯಲಹಂಕದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಮಹತಿ ಅಂತ ಚಿಕ್ಕ ವಯಸ್ಸಿನ ಡಾಕ್ಟರು. ಗಾಯ ನೋಡಿದರು. ಬೆರಳು ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಬಿಸಿನೀರಿನ ವಿಷಯ ಬಿಟ್ಟು ಬೇರೇನೋ ಕೇಳಿದರು.

"ಅಮ್ಮ, ನೀವು ಕೆಲಸ ಮಾಡೋ ಕಡೆ ಪೈಪಿಗೆ ಫೋಟೋ ತೆಗೀತಾರಾ?"

"ತೆಗೀತಾರೆ ಡಾಕ್ಟ್ರಮ್ಮ. ರಾತ್ರಿ ಒತ್ನಲ್ಲಿ."

"ಯಾವುದಾದ್ರೂ ಸಣ್ಣ ಲೋಹದ ತುಂಡು ಮುಟ್ಟಿದ್ರಾ? ಇಟ್ಕೊಂಡಿದ್ರಾ?"

ಚನ್ನಕ್ಕ ಗಂಡನ ಮುಖ ನೋಡಿದಳು. "ಕದೀನಿಲ್ಲ ಕಣವ್ವ. ಕೊಡಾನ ಅಂತ ಎತ್ತಿಟ್ಟಿವ್ನಿ."

ಮಹತಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಕುರ್ಚಿ ಹತ್ತಿರ ಎಳೆದುಕೊಂಡರು. ಕೂತು ಬಿಡಿಸಿ ಹೇಳಿದರು.

"ಮೈಯೆಲ್ಲ ಸಣ್ಣ ಸಣ್ಣ ಜೀವಕೋಶ ಅಮ್ಮ. ಒಂದೊಂದರ ಒಳಗೂ ಎರಡೆಳೆ ಹೊಸೆದ ದಾರ ಇದೆ. ಡಿಎನ್‌ಎ ಅಂತಾರೆ. ಚರ್ಮ ಹೇಗೆ ಬೆಳೀಬೇಕು, ಗಾಯ ಹೇಗೆ ಮಾಯಬೇಕು, ಎಲ್ಲಾ ಅದರಲ್ಲೇ ಇರುತ್ತೆ. ನೀವು ಮುಟ್ಟಿದ ಲೋಹ ಇದ್ಯಲ್ಲ, ಅದರ ಪರಮಾಣುಗಳು ಒಂದೊಂದಾಗಿ ತಾವೇ ಒಡೀತಾ ಇರ್ತವೆ. ಒಡೆದಾಗೆಲ್ಲ ಕಿರಣ ಹೊರಡುತ್ತೆ. ಆ ಕಿರಣ ಮೈಯೊಳಗೆ ನುಗ್ಗಿ ಈ ದಾರ ಕಡಿಯುತ್ತೆ. ಕೆಲವು ಸಲ ತಾನೇ ಕಡಿಯುತ್ತೆ. ಬಹಳ ಸಲ ಕೋಶದಲ್ಲಿರೋ ನೀರನ್ನ ಒಡೆಯುತ್ತೆ, ಆ ಚೂರು ಹೋಗಿ ದಾರ ಕಡಿಯುತ್ತೆ."

"ನೀರಾ?" ಚನ್ನಕ್ಕ ನೋವಿನಲ್ಲೂ ನಕ್ಕಳು. "ಅಂಗಾದ್ರೆ ಕಂಪ್ನಿಯೋರು ಸುಳ್ಳೇಳ್ನಿಲ್ಲ ಬುಡಿ. ನೀರಿಂದ್ಲೇ ಆಗಿರೋದು."

ಮಹತಿಗೆ ನಗು ಬರಲಿಲ್ಲ. "ಒಂದೆಳೆ ಕಡಿದ್ರೆ ಕೋಶ ಇನ್ನೊಂದೆಳೆ ನೋಡ್ಕೊಂಡು ಸರಿ ಮಾಡ್ಕೊಳುತ್ತೆ. ಒಂದೇ ಜಾಗದಲ್ಲಿ ಎರಡೂ ಕಡಿದ್ರೆ ಆಗಲ್ಲ. ಅಂಥ ಕೋಶ ಸುಮ್ಮನಿರೋವರೆಗೂ ಬದುಕಿರೋ ಥರಾನೇ ಕಾಣುತ್ತೆ. ಒಂದು ಎರಡಾಗೋ ಹೊತ್ತಿಗೆ ಸಾಯುತ್ತೆ. ಹಳೇ ಚರ್ಮ ಉದುರಿ ಹೋಗುತ್ತೆ, ಹೊಸದು ಹುಟ್ಟಲ್ಲ. ಅದಕ್ಕೇ ಅವತ್ತೇ ಗಾಯ ಆಗದೆ ಎರಡು ವಾರ ಬಿಟ್ಟು ಹೀಗಾಗಿದ್ದು."

"ತಪ್ಪಾಗಿ ಕೂಡ್ಕಂಡ್ರೆ?" ಅಂದಳು ಚನ್ನಕ್ಕ. ಅವಳ ಕಣ್ಣ ಮುಂದೆ ಉಮೇಶನ ಕೈ ಇತ್ತು.

"ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಆಗಬಹುದು. ಆಗದೇನೂ ಇರಬಹುದು. ನೋಡ್ತಾ ಇರಬೇಕು."

"ಇವಳಿಂದ ಮನೇವ್ರಿಗೆ ಅಂಟ್ತದಾ ಮೇಡಮ್?" ಭೀಮರಾಜ್ ಕೇಳಿದ.

"ಇಲ್ಲ. ಇವರ ಮೈಯಲ್ಲಿ ಆ ವಸ್ತು ಇಲ್ಲ. ಬಿಸಿಲಲ್ಲಿ ಸುಟ್ಟವರನ್ನ ಮುಟ್ಟಿದ್ರೆ ನಮಗೆ ಸುಡುತ್ತಾ? ಹಾಗೇ." ಮಹತಿ ಫೋನ್ ಕೈಗೆ ತೆಗೆದುಕೊಂಡರು. "ಆ ತುಂಡು ಇನ್ನೂ ಅಲ್ಲೇ ಇದ್ಯಾ? ಹತ್ತಿರ ಯಾರು ಹೋಗ್ತಾರೆ?"

"ಅಲ್ಲೇ ಐತೆ, ಪಂಪೌಸಿನ ಗೋಡೇಲಿ" ಅಂದಳು ಚನ್ನಕ್ಕ. ಪಂಪ್‌ಹೌಸಿನ ಹಿಂದಕ್ಕೆ ದಿನಾ ಹೋಗುವವರು ಅವಳ ಜೊತೆಯ ಹೆಂಗಸರು. ಅವರ ಫೋನುಗಳನ್ನು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಮಹತಿ, ಇಂಥ ವಸ್ತುಗಳನ್ನು ನೋಡಿಕೊಳ್ಳುವ ಮುಂಬೈಯ ಅಧಿಕಾರಿಗಳಿಗೆ ಫೋನ್ ಮಾಡಿದರು. ಅವರು, ನಾಳೆ ಬೆಳಗ್ಗೆ ಬರ್ತೀವಿ, ಅಲ್ಲೀವರೆಗೆ ಯಾರೂ ಹತ್ತಿರ ಹೋಗಬಾರದು ಅಂದರು. ಮಹತಿ ಕಂಪನಿಗೂ ಫೋನ್ ಮಾಡಿದರು. "ಅಡ್ಮಿಟ್ ಆಗಿ, ನೀವೆಲ್ಲೂ ಹೋಗ್ಬೇಡಿ" ಅಂದು ಬೆಡ್ ನೋಡಲು ಹೋದರು. ತಿರುಗಿ ಬರುವಷ್ಟರಲ್ಲಿ ಚನ್ನಕ್ಕ ಸೊಂಟಕ್ಕೆ ಟವಲ್ ಒತ್ತಿಕೊಂಡು ಬಸ್ಸು ಹತ್ತಿದ್ದಳು. ಹಿಂದೆ ಭೀಮರಾಜ್.

ಯಾರ್ಡಿನಲ್ಲಿ ಆಗಲೇ ಹಗ್ಗ ಕಟ್ಟಿದ್ದರು. ಹಗ್ಗದಿಂದ ಬಹಳ ದೂರದಲ್ಲಿ ಯಶವಂತ್, ಸುಬ್ರಹ್ಮಣ್ಯ, ಮುನಿಕೃಷ್ಣಪ್ಪ. ಎಲ್ಲಿಂದಲೋ ಸಾಲ ತಂದ ಮೀಟರ್ ಪಂಪ್‌ಹೌಸಿನ ಕಡೆ ತಿರುಗಿಸಿದರೆ ಕಿರುಚುತ್ತಿತ್ತು. ವೆಲ್ಡರುಗಳನ್ನು ಮನೆಗೆ ಕಳಿಸಿದ್ದರು. ಹೆಂಗಸರನ್ನು ಕಳಿಸುವುದು ಯಾರಿಗೂ ನೆನಪಾಗಿರಲಿಲ್ಲ. ಅವರು ಪಂಪ್‌ಹೌಸಿನ ಆಚೆ ಪಕ್ಕ ಕಬ್ಬಿಣದ ಚೂರು ಆಯುತ್ತಿದ್ದರು.

"ಮುನಿವೆಂಕಟಮ್ಮಾ!" ಚನ್ನಕ್ಕ ಕೂಗಿದಳು. ಗಾಯ ಹರಿದ ಹಾಗಾಯಿತು. "ಎಲ್ರುನ್ನೂ ಕರ್ಕಂಡು ಈಚೀಗ್ ಬಾ! ಬುಟ್ಟಿ ಅಲ್ಲೇ ಬುಡು! ಓಡು!"

ಮುನಿವೆಂಕಟಮ್ಮ ಅವಳ ಜೊತೆಗಾತಿ, ಎರಡು ಸಲ ಹೇಳಿಸಿಕೊಳ್ಳುವವಳಲ್ಲ. ಹೆಂಗಸರು ಬಿದ್ದೆದ್ದು ಗೇಟಿಗೆ ಬಂದರು.

ಸುಬ್ರಹ್ಮಣ್ಯ ಚನ್ನಕ್ಕನ ಕಡೆ ಬಂದರು. ಇವರು ಪ್ರತಿ ವರ್ಷ ಸೇಫ್ಟಿ ದಿನದಂದು ಮೈಕ್ ಹಿಡಿದು ಒಂದೂವರೆ ಗಂಟೆ ಮಾತಾಡುವವರು. ಈಗ ದನಿ ಇಳಿಸಿದ್ದರು. "ನೋಡಮ್ಮ, ನಾಳೆ ಮುಂಬೈಯಿಂದ ಬರ್ತಾರೆ. ಅಷ್ಟರೊಳಗೆ ಅದು ಡಬ್ಬಿಯೊಳಗೆ ಇರ್ಬೇಕು. ಇದ್ರೆ ಏನೂ ಕಳೆದೇ ಇಲ್ಲ ಅಂತಾಗುತ್ತೆ. ಯಾರಿಗೂ ತೊಂದ್ರೆ ಇಲ್ಲ."

"ನಂಗೆ ಆಗಿರೋದು?"

"ಅದು ಬಿಸಿನೀರು ಅಂತ ಆಗಿದೆಯಲ್ಲ."

ಉದ್ದ ಹಿಡಿಯ ಇಕ್ಕಳ ರಿಯಾಜ್ ಕೈಯಲ್ಲಿತ್ತು. ಅವನು ಹೋಗಲು ತಯಾರಿದ್ದ. ಯಶವಂತ್ ತಡೆದರು. ಅವನ ಬ್ಯಾಡ್ಜಿನ ಲೆಕ್ಕ ಮುಂಬೈಗೆ ಹೋಗುತ್ತದೆ, ಲೆಕ್ಕ ಏರಿದರೆ ಯಾಕೆ ಏರಿತು ಅಂತ ಕೇಳುತ್ತಾರೆ. ಬ್ಯಾಡ್ಜ್ ಬಿಚ್ಚಿಟ್ಟು ಹೋಗು ಅಂದರೆ ಅವನು ಒಪ್ಪಲಿಲ್ಲ.

ಮುನಿಕೃಷ್ಣಪ್ಪ ಮುಂದೆ ಬಂದ. ತೋಟದ ಕಾಲದ ಸಲುಗೆಯಲ್ಲಿ ಮಾತಾಡಿದ. "ಚನ್ನಿ, ನಿಂಗೆ ಎಂಗೂ ಆಗೋಗದೆ. ಇನ್ನೇನ್ ಆಗೋದೈತೆ? ನೀನೇ ಓಗಿ ತಂದ್ಬುಡು. ಎಲ್ಲಿಟ್ಟಿದ್ದೀಯ ಅಂತ ನಿಂಗೇ ಗೊತ್ತಲ್ವೇನಮ್ಮಿ."

ಭೀಮರಾಜ್ ಕೈ ಮುಷ್ಟಿ ಮಾಡಿದ. ಚನ್ನಕ್ಕ ಅವನ ತೋಳು ಹಿಡಿದಳು.

"ನಂಗೆ ಮಿತಿ ಇಲ್ವಾ ಗೌಡ್ರೇ?"

"ಎಂಥಾ ಮಿತಿ?"

"ರಿಯಾಜಣ್ಣಂಗೈತಲ್ಲ. ಇಷ್ಟ್ ಬಿದ್ರೆ ಸಾಕು ಅಂತ."

"ಅದು ಬ್ಯಾಡ್ಜ್ ಇರೋರಿಗೆ."

ಯಶವಂತ್‌ಗೆ ಇದೊಂದು ಬೇಡಿಕೆಯ ಹಾಗೆ ಕೇಳಿಸಿತು. ಬೇಡಿಕೆ ಈಡೇರಿಸುವುದರಲ್ಲಿ ಅವರು ಚುರುಕು. ಒಳಗಿಂದ ಒಂದು ಬ್ಯಾಡ್ಜು ತರಿಸಿದರು. ಕೆಲಸ ಬಿಟ್ಟುಹೋದ ಯಾರದೋ ಹಳೆಯದು. ಎಲ್ಲಿಗೂ ಲೆಕ್ಕ ಕಳಿಸದ ಬ್ಯಾಡ್ಜು. "ಇವತ್ತಿಂದ ನೀನು ಪರ್ಮನೆಂಟ್ ಕಣಮ್ಮ. ಸಂತೋಷಾನಾ?" ಅಂದರು. ಸುಬ್ರಹ್ಮಣ್ಯ ಅದನ್ನು ಅವಳ ಸೆರಗಿಗೆ ಸಿಕ್ಕಿಸಲು ಕೈ ಚಾಚಿ, ಅರ್ಧಕ್ಕೆ ನಿಲ್ಲಿಸಿ, ಅವಳ ಅಂಗೈಗೆ ಮೇಲಿಂದ ಬೀಳಿಸಿದರು. ಮುಟ್ಟಲಿಲ್ಲ. ಕಿರಣದ ಹೆದರಿಕೆಯೋ ಹಳೆಯ ಅಭ್ಯಾಸವೋ ಅವರಿಗೇ ಗೊತ್ತು.

ಚನ್ನಕ್ಕ ಬ್ಯಾಡ್ಜನ್ನು ತಿರುಗಿಸಿ ನೋಡಿದಳು. ಎರಡು ಕಪ್ಪು ಬೆರಳಿನಲ್ಲಿ ಅದರ ಪಿನ್ನು ಬಿಡಿಸಲು ಕಷ್ಟವಾಯಿತು. ಬಿಡಿಸಿದಳು. ಮುನಿಕೃಷ್ಣಪ್ಪನ ಹತ್ತಿರ ಹೋದಳು. ಹುಟ್ಟಿದಾಗಿನಿಂದ ಅಷ್ಟು ಹತ್ತಿರ ಹೋದವಳಲ್ಲ. ಅವನ ಬಿಳಿ ಅಂಗಿಯ ಎದೆಗೆ ಕೈ ಹಾಕಿ ಹಿಡಿದು ಸಿಕ್ಕಿಸಿದಳು. ಟವಲ್ ಒತ್ತಿದ್ದ ಕೈಗೆ ಅಂಟಿದ ಕೀವು ಅವನ ಅಂಗಿಯ ಗುಂಡಿಗೆ ಹತ್ತಿತು.

"ಈಗ ನಿಮ್ಗೂ ಐತೆ ಬ್ಯಾಡ್ಜು. ನಿಮ್ ಜಮೀನು. ನಿಮ್ ಪಂಪೌಸು. ಓಗಿ ತಕ್ಕಬನ್ನಿ."

ಮುನಿಕೃಷ್ಣಪ್ಪ ಅಂಗಿ ಕೊಡವಿಕೊಂಡು ಹಿಂದಕ್ಕೆ ಹಾರಿದ. ಎಡವಿ ಪೈಪಿಗೆ ಬಡಿದುಕೊಂಡ. "ಮುಟ್ಬುಟ್ಲು! ಮುಟ್ಬುಟ್ಲು ಕಣ್ರೋ!" ಅಂತ ಕೂಗಿದ.

ಮುನಿವೆಂಕಟಮ್ಮ ಗೇಟಿನಲ್ಲಿ ನಿಂತು ನಕ್ಕಳು. ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ನಕ್ಕರು.

"ನಾನು ಓಗಲ್ಲ," ಅಂದಳು ಚನ್ನಕ್ಕ. "ನಮ್ಮೋರೂ ಓಗಲ್ಲ. ನಾಳೆ ಅವ್ರು ಬಂದು ನೋಡ್ಲಿ. ಅದು ಎಲ್ಲಿತ್ತೋ ಅಲ್ಲೇ ನೋಡ್ಲಿ. ಅಲ್ಲೀಗಂಟ ಗೇಟ್ ಬುಟ್ಟು ಕದಲಲ್ಲ."

ರಿಯಾಜ್ ಇಕ್ಕಳ ನೆಲಕ್ಕೆ ಹಾಕಿ ಹೆಂಗಸರ ಪಕ್ಕ ಹೋಗಿ ಕೂತ. ಕತ್ತಲಾಗುವ ಮೊದಲೇ ಮಹತಿ ಆಂಬುಲೆನ್ಸ್ ಕಳಿಸಿ ಚನ್ನಕ್ಕನನ್ನು ಕರೆಸಿಕೊಂಡರು. ಉಳಿದವರು ಗೇಟಿನಲ್ಲೇ ಕೂತಿದ್ದರು.

ಮರುದಿನ ಅಧಿಕಾರಿಗಳು ವಿಮಾನದಲ್ಲಿ ಬಂದರು. ಉದ್ದದ ಇಕ್ಕಳ, ಸೀಸದ ಪಾತ್ರೆ, ಗಡಿಯಾರ ಹಿಡಿದು ಒಬ್ಬರ ಹಿಂದೆ ಒಬ್ಬರು. ಒಬ್ಬೊಬ್ಬರು ಎಷ್ಟು ಸೆಕೆಂಡ್ ಒಳಗಿರಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡಿದ್ದರು. ಟೀ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಆಗಿಹೋಯಿತು. ಕಾಳನ್ನು ಸೀಸದೊಳಗೆ ಮಲಗಿಸಿ, ಮುಂದೆ ಒಂದು ಪೊಲೀಸ್ ಜೀಪು, ಹಿಂದೆ ಒಂದು ಪೊಲೀಸ್ ಜೀಪು, ಸೈರನ್ ಹಾಕಿಕೊಂಡು ಹೆಬ್ಬಾಳದ ಟ್ರಾಫಿಕ್ ನಿಲ್ಲಿಸಿ ಕರೆದೊಯ್ದರು. ಆಸ್ಪತ್ರೆಯಲ್ಲಿ ಚನ್ನಕ್ಕನ ಎರಡು ಬೆರಳು ಕತ್ತರಿಸಿದರು. ತೊಡೆಯ ಚರ್ಮ ತೆಗೆದು ಸೊಂಟಕ್ಕೆ ಹಾಕಿದರು. ಮೊದಲನೇದು ಕೊಳೆಯಿತು. ಇನ್ನೊಮ್ಮೆ ಹಾಕಿದರು. ಮನೆಗೆ ಬರುವ ದಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ.

ಊರಿನಲ್ಲಿ ಹೊಸ ಜ್ಞಾನ ಹರಡಿತ್ತು. ಚನ್ನಕ್ಕನ ಮೈಯಿಂದ ಕಿರಣ ಬರುತ್ತದಂತೆ. ಅಂಗಡಿಯವನು ಚಿಲ್ಲರೆಯನ್ನು ಕಲ್ಲಿನ ಮೇಲೆ ಇಡುತ್ತಿದ್ದ. ಮೊದಲೂ ಹಾಗೇ ಇಡುತ್ತಿದ್ದ. ಈಗ ಅದಕ್ಕೆ ವಿಜ್ಞಾನ ಅನ್ನುತ್ತಿದ್ದ. ಕಾಲೋನಿಯ ನಲ್ಲಿಯಲ್ಲೂ ಕೆಲವರು ಕೊಡ ಪಕ್ಕಕ್ಕೆ ಎಳೆದುಕೊಂಡರು. ಅದು ಅವಳಿಗೆ ಗಾಯಕ್ಕಿಂತ ಹೆಚ್ಚು ಉರಿಯಿತು. ಮುನಿವೆಂಕಟಮ್ಮ ಬಂದು ನಲ್ಲಿಯ ಕಟ್ಟೆಯ ಮೇಲೆ ಅವಳ ಪಕ್ಕ ಕೂತಳು. ಚನ್ನಕ್ಕನ ಮನೆಯಿಂದ ಅವಳ ತಟ್ಟೆ ತರಿಸಿ, ಅದರಿಂದಲೇ ಮುದ್ದೆ ಮುರಿದು ತಿಂದಳು. ಕೈ ನೆಕ್ಕಿಕೊಂಡು, "ಉಪ್ಪು ಕಮ್ಮಿ" ಅಂದಳು. ಅವತ್ತಿಗೆ ಅದು ಮುಗಿಯಿತು.

ಕಂಪನಿಯ ಲೈಸೆನ್ಸ್ ಆರು ತಿಂಗಳು ಅಮಾನತಾಯಿತು. ಕಂಪನಿ ಹೆಸರು ಬದಲಿಸಿಕೊಂಡು ಮೂರನೇ ತಿಂಗಳಿಗೇ ಶುರುವಾಯಿತು. ಚನ್ನಕ್ಕ ಲೇಬರ್ ಆಫೀಸಿಗೆ ಹೋದಳು. ಪಂಪ್‌ಹೌಸಿನ ಹಿಂದಕ್ಕೆ ಹೋದ ಎಲ್ಲ ಹೆಂಗಸರಿಗೂ ಬದುಕಿರುವವರೆಗೆ ತಪಾಸಣೆ, ಚಿಕಿತ್ಸೆ ಬೇಕು. ಕಳ್ಳಿ ಅಂದ ಮಾತು ವಾಪಸ್ ತಗೋಬೇಕು. ಕೇಳಿದ್ದು ಇಷ್ಟೇ. ವಿಚಾರಣೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಎರಡು ವರ್ಷವಾಯಿತು.

ಕೊನೆಗೊಂದು ದಿನ ಕಂಪನಿಯ ವಕೀಲರು ಬಂದರು. ಇರಿಡಿಯಂ ಎರಡೂವರೆ ತಿಂಗಳಿಗೆ ಅರ್ಧ ಆಗುತ್ತದೆ ಅಂತ ವಿವರಿಸಿದರು. ಇನ್ನೆರಡೂವರೆ ತಿಂಗಳಿಗೆ ಕಾಲು. "ಎರಡು ವರ್ಷಕ್ಕೆ ಅದರಲ್ಲಿ ಏನೂ ಉಳಿದಿಲ್ಲ ಸ್ವಾಮಿ. ಸತ್ತ ವಸ್ತು. ನಿರಪಾಯ. ನಿರಪಾಯವಾದ ವಸ್ತುವಿನಿಂದ ಜೀವಮಾನವಿಡೀ ತೊಂದರೆ ಅಂದರೆ ಹೇಗೆ?" ಅಂದರು. ಲೇಬರ್ ಅಧಿಕಾರಿ ಚನ್ನಕ್ಕನ ಕಡೆ ತಿರುಗಿದರು. "ಮುಟ್ಟಬಾರದು ಅಂತ ಬೋರ್ಡ್ ಇತ್ತಂತಲ್ಲಮ್ಮ. ಯಾಕೆ ಮುಟ್ಟಿದೆ?"

ಚನ್ನಕ್ಕ ಎದ್ದು ನಿಂತಳು. ನಿಲ್ಲುವಾಗ ಸೊಂಟ ಒಂದು ಕಡೆಗೆ ವಾಲುತ್ತಿತ್ತು.

"ನಾನ್ ಉಟ್ಟಿದಾಗ್ಲಿಂದ ಇದ್ ಮುಟ್ಬ್ಯಾಡ, ಅಲ್ ನಿಂತ್ಕೋ ಅಂತ್ಲೇ ಏಳ್ಕೊಟ್ರಿ ಸಾಮಿ. ನಿಮ್ ಬಾವಿ, ನಿಮ್ ಲೋಟ, ನಿಮ್ ಒಸ್ಲು. ಎಲ್ಲಾ ಬಾಯಲ್ಲೇ ಏಳಿದ್ರಿ. ಬೋರ್ಡ್ ಆಕ್ನಿಲ್ಲ. ನಂಗೆ ಒಂದೂ ಮರ್ತಿಲ್ಲ. ನಿಜವಾಗ್ಲೂ ಮುಟ್ಬಾರದ್ದು ಅಂತ ಇದ್ದಿದ್ದು ಇದೊಂದೇ ಸಾಮಾನು. ಇದೊಂದನ್ನ ಮಾತ್ರ ಇಂಗ್ಲೀಸಲ್ಲಿ ಬರ್ದು ಸುಮ್ನಾದ್ರಿ."

ವಕೀಲರು ಫೈಲಿನ ಹಾಳೆ ತಿರುಗಿಸಿದರು.

"ಅದು ಸತ್ತದಂತೆ. ಸಾಯ್ಲಿ. ನನ್ ಮೈಯೊಳಗೆ ಕಡ್ದಾಕಿದ್ದು ಎಲ್ಲಾ ಕೂಡ್ಕಂಡಿಲ್ಲ. ಕೂಡ್ಕಂಡಿರೋದು ಎಂಗ್ ಕೂಡ್ಕಂಡೈತೋ ಡಾಕ್ಟ್ರಮ್ಮಂಗೂ ಗೊತ್ತಿಲ್ಲ. ಅದನ್ ನೋಡ್ಕಳ್ಳೋರು ಯಾರು?"

ಅಧಿಕಾರಿ ಮುಂದಿನ ತಾರೀಖು ಹೇಳಿದರು. ಚನ್ನಕ್ಕ ಕೂರಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಮುನಿವೆಂಕಟಮ್ಮ ಎದ್ದಳು. ಅವಳ ಪಕ್ಕದವಳು ಎದ್ದಳು. ಕಾಲೋನಿಯ ಹೆಂಗಸರೆಲ್ಲ ಎದ್ದು ನಿಂತರು.

"ಮುಗೀತಮ್ಮ, ಹೊರಡಿ," ಅಂದ ಗುಮಾಸ್ತ.

ಯಾರೂ ಹೊರಡಲಿಲ್ಲ.